ಇಂಗ್ಲಿಷಿನ ಉಚ್ಚಾರಣೆ ಮತ್ತು ಬಳಕೆಯ ವೈಚಿತ್ರ್ಯಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಳಗಿನ ಉತ್ತರಗಳಲ್ಲಿ ಇಂಗ್ಲಿಷ್ ಪದಗಳನ್ನು ಕನ್ನಡ ಲಿಪಿಯಲ್ಲೇ ಕೊಡಲಾಗಿದೆ. ಇದರಲ್ಲಿ ಒಂದು ಅನುಕೂಲವೂ ಒಂದು ತೊಡಕೂ ಇದೆ. ಧ್ವನಿಯನ್ನು ಇದ್ದಂತೆ ಹಿಡಿದಿಡಲು ಕನ್ನಡ ಲಿಪಿ ಇಂಗ್ಲಿಷ್ ಲಿಪಿಗಿಂತ ಹೆಚ್ಚು ನಂಬಿಕಸ್ಥ. ಆದರೆ ಇಂಗ್ಲಿಷಿನ ಕೆಲವು ಧ್ವನಿಗಳಿಗೆ ಅದರಲ್ಲಿ ಅಕ್ಷರವಿಲ್ಲ. ‘ಒತ್ತು’ ಎಂಬ ಪದವನ್ನು ಇಲ್ಲಿ ಒತ್ತಕ್ಷರ ಎಂಬ ಅರ್ಥದಲ್ಲಿ ಬಳಸಿಲ್ಲ. ಪದದ ಒಂದು ಭಾಗವನ್ನು ಉಳಿದವಕ್ಕಿಂತ ಬಲವಾಗಿ ನುಡಿಯುವುದನ್ನು ಅದು ಸೂಚಿಸುತ್ತದೆ.

ಇಂಗ್ಲಿಷಿನಲ್ಲಿ ಬರೆಯುವುದೊಂದು, ಓದುವುದೊಂದು ಏಕೆ?

ಒಂದು ಕಾಲದಲ್ಲಿ ಇಂಗ್ಲಿಷನ್ನೂ ಬಹುಮಟ್ಟಿಗೆ ಬರೆದಂತೆಯೇ ಓದುತ್ತಿದ್ದರು. ‘ಚಾಕು’ ಎಂಬರ್ಥದ ‘ನೈಫ್’ ಪದದ ಮೊದಲಲ್ಲಿರುವ ‘ಕೆ’ ಅಕ್ಷರವನ್ನು ಆಗ ನಿಜವಾಗಿ ಉಚ್ಚರಿಸುತ್ತಿದ್ದರು. ‘ಯೋಧ’ ಎಂಬರ್ಥದ ‘ನೈಟ್’ ಪದ ‘ಕ್ನಿಹ್ಟ್’ ಎಂಬುದಕ್ಕೆ ಹತ್ತಿರವಾಗಿ ಕೇಳಿಸುತ್ತಿತ್ತು. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಮುದ್ರಣಯಂತ್ರವನ್ನು ಸ್ಥಾಪಿಸಿದ ಮೇಲೆ ಕಾಗುಣಿತ ನಿಧಾನವಾಗಿ ಗಟ್ಟಿಯಾಗತೊಡಗಿತು. ಆದರೆ ಸುಮಾರು 1400ರಿಂದ 1700ರ ನಡುವೆ ಇಂಗ್ಲಿಷಿನ ದೀರ್ಘಸ್ವರಗಳೆಲ್ಲ ತಮ್ಮ ಜಾಗ ಬದಲಿಸಿದವು. ಡೆನ್ಮಾರ್ಕಿನ ಭಾಷಾವಿಜ್ಞಾನಿ ಒಟ್ಟೊ ಯೆಸ್ಪರ್ಸನ್ ಇದಕ್ಕೆ ಇಟ್ಟ ಹೆಸರನ್ನು ಕನ್ನಡದಲ್ಲಿ ‘ಮಹಾ ಸ್ವರಪಲ್ಲಟ’ ಎನ್ನಬಹುದು. ‘ಇಲಿ’ ಎಂಬರ್ಥದ ‘ಮೂಸ್’ ‘ಮೌಸ್’ ಆಯಿತು. ‘ಹೆಸರು’ ಎಂಬರ್ಥದ ಪದವನ್ನು ಆ ಪಲ್ಲಟಕ್ಕೆ ಮೊದಲು ಹೆಚ್ಚುಕಡಿಮೆ ‘ನಾಮ’ ಎಂದೇ ಉಚ್ಚರಿಸುತ್ತಿದ್ದರು. ಅದು ‘ನೇಮ್’ ಆದದ್ದು ಆಮೇಲೆ. (ಸಂಸ್ಕೃತದ ‘ನಾಮ’ಕ್ಕೂ ಇದಕ್ಕೂ ಮೂಲ ಒಂದೇ ಎಂಬುದು ಕನ್ನಡ ಓದುಗರಿಗೆ ಸಂತೋಷ ಕೊಡುವ ಸಂಗತಿ.) ನಾಲಗೆ ಮುಂದೆ ಹೋಯಿತು, ಅಚ್ಚಿನ ಮೊಳೆ ಇದ್ದಲ್ಲೇ ಉಳಿಯಿತು. 26 ಅಕ್ಷರಗಳು ಸುಮಾರು 44 ಧ್ವನಿಗಳ ಕೆಲಸ ಮಾಡಬೇಕಾಗಿರುವುದು ಇದಕ್ಕೆ ಸೇರಿಕೊಂಡ ಇನ್ನೊಂದು ಕಷ್ಟ.

ಹಾಗಾದರೆ ಮೌನವಾಗಿರುವ ಅಕ್ಷರಗಳೆಲ್ಲ ಹಿಂದೆ ಉಚ್ಚಾರವಾಗುತ್ತಿದ್ದವೇ?

ಇಲ್ಲ. ಕೆಲವನ್ನು ಪಂಡಿತರು ಬೇಕೆಂದೇ ತುರುಕಿದರು. ‘ಸಾಲ’ ಎಂಬರ್ಥದ ‘ಡೆಟ್’ ಫ್ರೆಂಚಿನಿಂದ ಬಂದಾಗ ಅದರಲ್ಲಿ ‘ಬಿ’ ಇರಲಿಲ್ಲ. ಲ್ಯಾಟಿನ್ ಮೂಲದಲ್ಲಿ ‘ಬಿ’ ಇದೆಯೆಂದು ತೋರಿಸಿಕೊಳ್ಳಲು ಅದನ್ನು ಆಮೇಲೆ ಸೇರಿಸಿದರು. ‘ಡೌಟ್’ನ ‘ಬಿ’, ‘ರಿಸೀಟ್’ನ ‘ಪಿ’ ಇವುಗಳ ಕತೆಯೂ ಇದೇ. ‘ದ್ವೀಪ’ ಎಂಬರ್ಥದ ‘ಐಲೆಂಡ್’ ಪದದ್ದು ಇನ್ನೂ ತಮಾಷೆ. ಅದು ಲ್ಯಾಟಿನ್ನಿಗೆ ಸಂಬಂಧವೇ ಇಲ್ಲದ ಅಚ್ಚ ಇಂಗ್ಲಿಷ್ ಪದ. ಅದೇ ಅರ್ಥದ, ಲ್ಯಾಟಿನ್ ಮೂಲದ ‘ಐಲ್’ ಪದದ ನೆಂಟನೆಂದು ತಪ್ಪಾಗಿ ಭಾವಿಸಿ ಅದರೊಳಗೂ ‘ಎಸ್’ ಕೂರಿಸಿದರು. ಸೈನ್ಯಾಧಿಕಾರಿಯನ್ನು ಸೂಚಿಸುವ ‘ಕರ್ನಲ್’ ಎಂಬ ಪದದ ಕಾಗುಣಿತದಲ್ಲಿ ‘ಆರ್’ ಇಲ್ಲವೇ ಇಲ್ಲ. ಇಟಾಲಿಯನ್ನಿನಲ್ಲಿ ‘ಲ’ ಇದ್ದ ರೂಪ, ಫ್ರೆಂಚಿನಲ್ಲಿ ‘ರ’ ಇದ್ದ ರೂಪ ಎರಡೂ ಬಳಕೆಯಲ್ಲಿದ್ದು, ಕೊನೆಗೆ ಬರಹ ಒಂದನ್ನು ಹಿಡಿಯಿತು, ಬಾಯಿ ಇನ್ನೊಂದನ್ನು ಹಿಡಿಯಿತು.

ಇದಕ್ಕೆ ವಿರುದ್ಧವಾದದ್ದೂ ನಡೆಯುತ್ತದೆ. ‘ಆಗಾಗ’ ಎಂಬರ್ಥದ ‘ಆಫನ್’ ಪದದಿಂದ ‘ಟಿ’ ಬಿದ್ದುಹೋಗಿತ್ತು; ಶಾಲೆಗೆ ಹೋಗಿ ಕಾಗುಣಿತ ಕಲಿತವರು ಹೆಚ್ಚಾದಂತೆ ‘ಆಫ್ಟನ್’ ಎಂಬ ಉಚ್ಚಾರ ಮರಳಿ ಬಂತು. ಈಗ ಎರಡೂ ಸರಿ.

‘ಜಿ-ಎಚ್-ಒ-ಟಿ-ಐ’ ಎಂದು ಬರೆದು ‘ಫಿಶ್’ ಎಂದು ಓದಬಹುದು ಎಂಬ ಮಾತು ನಿಜವೇ?

ಇದು ಹಳೆಯ ಚಮತ್ಕಾರ. ‘ಟಫ್’ ಪದದ ‘ಜಿ-ಎಚ್’, ‘ವಿಮೆನ್’ ಪದದ ‘ಒ’, ‘ನೇಶನ್’ ಪದದ ‘ಟಿ-ಐ’ ಸೇರಿಸಿದರೆ ‘ಫಿಶ್’ ಆಗುತ್ತದೆ ಎಂಬ ತರ್ಕ. ಇದನ್ನು ಜಾರ್ಜ್ ಬರ್ನಾರ್ಡ್ ಶಾ ಹೇಳಿದರೆಂದು ಪ್ರತೀತಿಯಿದ್ದರೂ, ಅವರು ಹುಟ್ಟುವ ಮೊದಲೇ, 1855ರ ಒಂದು ಪತ್ರದಲ್ಲಿ ಇದರ ಉಲ್ಲೇಖವಿದೆ. ಆದರೆ ಪದದ ಆರಂಭದಲ್ಲಿ ‘ಜಿ-ಎಚ್’ ಎಂದೂ ‘ಫ’ ಆಗುವುದಿಲ್ಲ, ಕೊನೆಯಲ್ಲಿ ‘ಟಿ-ಐ’ ಎಂದೂ ‘ಶ’ ಆಗುವುದಿಲ್ಲ. ಅಂದರೆ ಇಂಗ್ಲಿಷ್ ಕಾಗುಣಿತಕ್ಕೆ ನಿಯಮಗಳಿಲ್ಲ ಎಂಬುದಕ್ಕಿಂತ, ಅಕ್ಷರ ಎಲ್ಲಿ ಕುಳಿತಿದೆ ಎಂಬುದನ್ನು ನೋಡದೆ ನಿಯಮ ತಿಳಿಯುವುದಿಲ್ಲ ಎಂಬುದು ಸರಿಯಾದ ಮಾತು.

ಪ್ರತಿ ಅಕ್ಷರವನ್ನೂ ಸ್ಪಷ್ಟವಾಗಿ ನುಡಿದರೂ ಇಂಗ್ಲಿಷ್ ಮನೆಮಾತಿನವರಿಗೆ ನಮ್ಮ ಮಾತು ಅರ್ಥವಾಗುವುದಿಲ್ಲ. ಏಕೆ?

ಪ್ರತಿ ಅಕ್ಷರವನ್ನೂ ಸ್ಪಷ್ಟವಾಗಿ ನುಡಿಯುವುದೇ ಹೆಚ್ಚಿನ ಸಲ ಇದಕ್ಕೆ ಕಾರಣ. ಈ ಇಡೀ ವಿಷಯದಲ್ಲಿ ಒಂದೇ ಒಂದು ಸಂಗತಿಯನ್ನು ಕಲಿಯಲು ಸಮಯವಿದೆ ಎನ್ನುವವರು ಈ ಉತ್ತರವನ್ನಷ್ಟೇ ಓದಿದರೂ ಸಾಕು.

ಕನ್ನಡದಲ್ಲಿ ಅಕ್ಷರಗಳು ಸಾಲಾಗಿ, ತಮ್ಮ ತಮ್ಮ ಮಾತ್ರೆಗೆ ತಕ್ಕಂತೆ, ಒಂದರ ಹಿಂದೊಂದು ಬರುತ್ತವೆ. ಯಾವುದೂ ಇನ್ನೊಂದನ್ನು ತುಳಿಯುವುದಿಲ್ಲ. ಇಂಗ್ಲಿಷಿನಲ್ಲಿ ಒಂದು ಭಾಗ ಎದ್ದು ನಿಲ್ಲುತ್ತದೆ, ಪಕ್ಕದವು ಕುಗ್ಗಿಹೋಗುತ್ತವೆ. ಕುಗ್ಗಿದ ಸ್ವರ ಯಾವುದೇ ಅಕ್ಷರದಲ್ಲಿ ಬರೆದಿದ್ದರೂ ಸಾಮಾನ್ಯವಾಗಿ ನಮ್ಮ ಸಡಿಲವಾದ ‘ಅ’ದಂತೆ ಕೇಳಿಸುತ್ತದೆ. ಅದಕ್ಕೆ ‘ಶ್ವಾ’ ಎಂದು ಹೆಸರು; ನಿಘಂಟುಗಳಲ್ಲಿ ತಲೆಕೆಳಗಾದ ಇಂಗ್ಲಿಷ್ ‘ಇ’ ಅದರ ಗುರುತು; ಇಂಗ್ಲಿಷ್ ಮಾತಿನಲ್ಲಿ ಅತಿ ಹೆಚ್ಚು ಬರುವ ಸ್ವರ ಅದೇ. ಬಾಳೆಹಣ್ಣಿನ ಇಂಗ್ಲಿಷ್ ಹೆಸರಿನಲ್ಲಿ ಮೂರು ಸಲ ‘ಎ’ ಅಕ್ಷರವಿದೆ. ನಡುವಿನದಕ್ಕೆ ಮಾತ್ರ ಪೂರ್ಣ ಬೆಲೆ: ‘ಬನಾನ’. ಮೊದಲನೆಯದೂ ಕೊನೆಯದೂ ಬರಿಯ ಉಸಿರು.

ಪದ ಬೆಳೆದಂತೆ ಒತ್ತು ಜಾಗ ಬದಲಿಸುವುದೂ ಉಂಟು. ‘ಫೋಟಗ್ರಾಫ್’ನಲ್ಲಿ ಒತ್ತು ಮೊದಲ ಭಾಗಕ್ಕೆ, ಅದನ್ನು ತೆಗೆಯುವವರನ್ನು ಹೇಳುವಾಗ ಒತ್ತು ಎರಡನೆಯ ಭಾಗಕ್ಕೆ ಜಾರಿ ‘ಫಟಾಗ್ರಫರ್’ ಎಂದಾಗುತ್ತದೆ, ವಿಶೇಷಣ ರೂಪದಲ್ಲಿ ಮೂರನೆಯ ಭಾಗಕ್ಕೆ ಹೋಗಿ ‘ಫೋಟಗ್ರ್ಯಾಫಿಕ್’ ಎಂದಾಗುತ್ತದೆ. ‘ರೆಕಾರ್ಡ್’ ಎಂದು ಮೊದಲಿಗೆ ಒತ್ತು ಕೊಟ್ಟರೆ ನಾಮಪದ, ‘ರಿಕಾರ್ಡ್’ ಎಂದು ಕೊನೆಗೆ ಒತ್ತು ಕೊಟ್ಟರೆ ಕ್ರಿಯಾಪದ.

ನಾನು ಒಮ್ಮೆ ದೂರವಾಣಿಯಲ್ಲಿ ‘ಡೆವಲಪ್‌ಮೆಂಟ್’ ಎಂಬ ಪದವನ್ನು ‘ಡೆ’ಗೆ ಒತ್ತು ಕೊಟ್ಟು ಹೇಳಿದೆ. ಆ ಕಡೆಯವರಿಗೆ ತಿಳಿಯಲಿಲ್ಲ. ಎರಡನೆಯ ಸಲ ಇನ್ನೂ ಬಿಡಿಸಿ, ಮೂರನೆಯ ಸಲ ಇನ್ನೂ ಜೋರಾಗಿ ಹೇಳಿದೆ. ಜೋರು ಮಾಡಿದಷ್ಟೂ ತಪ್ಪಾದ ಒತ್ತು ಗಟ್ಟಿಯಾಯಿತೇ ಹೊರತು ಪದ ತಲುಪಲಿಲ್ಲ. ‘ಡಿ-ವೆ-ಲಪ್‌ಮಂಟ್’ ಎಂದು ‘ವೆ’ಯನ್ನು ಎತ್ತಿ ಹೇಳಿದ ಕೂಡಲೇ ‘ಓ!’ ಎಂದರು. ಕೇಳುವವರು ಪದವನ್ನು ಅಕ್ಷರಗಳ ಮೂಲಕ ಅಲ್ಲ, ಅದರ ಏರಿಳಿತದ ಆಕಾರದ ಮೂಲಕ ಹುಡುಕುತ್ತಾರೆ.

ಸಂಖ್ಯೆಗಳಲ್ಲಿ ಇದರ ಪರಿಣಾಮ ನೇರ. ‘ಥರ್ಟೀನ್’ ಎಂಬಲ್ಲಿ ಒತ್ತು ‘ಟೀನ್’ಗೆ, ‘ಥರ್ಟಿ’ ಎಂಬಲ್ಲಿ ‘ಥರ್’ಗೆ. ಒತ್ತು ಅದಲುಬದಲಾದರೆ 13 ಎಂದದ್ದು 30 ಎಂದು ಕೇಳುತ್ತದೆ. ಇಂಗ್ಲಿಷ್ ಮನೆಮಾತಿನವರೂ ಇಲ್ಲಿ ಎಡವುವುದರಿಂದಲೇ ‘ಒನ್ ತ್ರೀ’ ಎಂದು ಬಿಡಿಸಿ ಹೇಳುವ ರೂಢಿ ಇದೆ.

‘ಕ್ಯಾನ್’ ಎಂದರೆ ‘ಆಗುವುದಿಲ್ಲ’ ಎಂದು ಅಮೆರಿಕದವರು ತಿಳಿದುಕೊಂಡರು. ಇದು ಹೇಗೆ ಸಾಧ್ಯ?

ಸಾಧ್ಯ ಮಾತ್ರವಲ್ಲ, ಸಾಮಾನ್ಯ. ಅಮೆರಿಕನ್ ಮಾತಿನಲ್ಲಿ ‘ಆಗುತ್ತದೆ’ ಎಂಬ ‘ಕ್ಯಾನ್’ ವಾಕ್ಯದ ನಡುವೆ ಬಂದಾಗ ಕುಗ್ಗಿ ‘ಕನ್’ ಎಂದಷ್ಟೇ ಆಗುತ್ತದೆ. ‘ಆಗುವುದಿಲ್ಲ’ ಎಂಬ ‘ಕ್ಯಾಂಟ್’ ಮಾತ್ರ ಪೂರ್ಣ ಸ್ವರದೊಂದಿಗೆ ಬರುತ್ತದೆ, ಆದರೆ ಅದರ ಕೊನೆಯ ‘ಟ್’ ಹೊರಗೆ ಬಾರದೆ ಗಂಟಲಲ್ಲೇ ನಿಲ್ಲುತ್ತದೆ. ಆದ್ದರಿಂದ ಅವರ ಕಿವಿ ಕೊನೆಯ ‘ಟ್’ಗಾಗಿ ಕಾಯುವುದಿಲ್ಲ, ಸ್ವರ ತುಂಬಿದೆಯೇ ಕುಗ್ಗಿದೆಯೇ ಎಂದು ನೋಡುತ್ತದೆ. ‘ಐ ಕ್ಯಾನ್ ಕಮ್’ ಎಂದು ಪ್ರತಿ ಪದವನ್ನೂ ಸಮವಾಗಿ ಹೇಳಿದರೆ ‘ಬರಲಾರೆ’ ಎಂದು ಅವರಿಗೆ ಕೇಳಿಸುತ್ತದೆ. ‘ಐ ಕನ್ ಕಮ್’ ಎಂದು ‘ಕಮ್’ಗೆ ಒತ್ತು ಕೊಟ್ಟು ಹೇಳುವುದು ಪರಿಹಾರ. ಬ್ರಿಟಿಷರಲ್ಲಿ ಹಲವರು ‘ಕಾಂಟ್’ ಎಂದು ‘ಆ’ಕಾರ ಎಳೆಯುವುದರಿಂದ ಅಲ್ಲಿ ಈ ಗೊಂದಲ ಕಡಿಮೆ.

‘ಪಿನ್’ ಎಂದರೆ ‘ಬಿನ್’ ಎಂದು ಏಕೆ ಕೇಳಿಸುತ್ತದೆ?

ಒಂದು ತೆಳುವಾದ ಕಾಗದದ ಚೂರನ್ನು ತುಟಿಗಳ ಮುಂದೆ ಹಿಡಿದುಕೊಂಡು ಇಂಗ್ಲಿಷ್ ಮನೆಮಾತಿನವರು ‘ಪಿನ್’ ಎಂದರೆ ಕಾಗದ ಅಲುಗುತ್ತದೆ. ಅವರೇ ‘ಸ್ಪಿನ್’ ಎಂದಾಗ ಅಲುಗುವುದಿಲ್ಲ. ಒತ್ತುಳ್ಳ ಭಾಗದ ಆರಂಭದಲ್ಲಿ ಬರುವ ‘ಪ’, ‘ಟ’, ‘ಕ’ಗಳನ್ನು ಅವರು ತಮಗೆ ಗೊತ್ತಿಲ್ಲದೆಯೇ ಮಹಾಪ್ರಾಣ ಮಾಡುತ್ತಾರೆ, ‘ಸ’ಕಾರದ ನಂತರ ಬಂದರೆ ಮಾಡುವುದಿಲ್ಲ. ಕನ್ನಡದ ‘ಪ’ ಶುದ್ಧ ಅಲ್ಪಪ್ರಾಣ. ಉಸಿರಿಲ್ಲದ ಆ ‘ಪ’ವನ್ನು ಕೇಳಿದ ಇಂಗ್ಲಿಷ್ ಕಿವಿ ಅದನ್ನು ‘ಬ’ದ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ಮಹಾಪ್ರಾಣದ ಅಕ್ಷರವನ್ನು ಬೇರೆಯಾಗಿಯೇ ಇಟ್ಟುಕೊಂಡಿರುವ ನಮಗೆ ಇದು ಸುಲಭವಾಗಬೇಕಿತ್ತು. ಆದರೆ ‘ಫ’ವನ್ನು ನಾವೀಗ ‘ಕಾಫಿ’ಯ ಧ್ವನಿಗೆ ಬಿಟ್ಟುಕೊಟ್ಟಿದ್ದೇವೆ, ಮಾತಿನಲ್ಲಿ ಮಹಾಪ್ರಾಣವನ್ನು ಅನೇಕರು ಬಿಟ್ಟೇ ಇದ್ದಾರೆ.

ಇಂಗ್ಲಿಷ್ ಮನೆಮಾತಿನವರಿಗೆ ‘ತ’ ಮತ್ತು ‘ಟ’ಗಳ ವ್ಯತ್ಯಾಸವೇ ತಿಳಿಯುವುದಿಲ್ಲವೇ?

ದೊಡ್ಡವರಾದ ಮೇಲೆ ಬಹುಮಟ್ಟಿಗೆ ತಿಳಿಯುವುದಿಲ್ಲ, ಆದರೆ ಹುಟ್ಟುವಾಗ ತಿಳಿದಿರುತ್ತದೆ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಇಂಗ್ಲಿಷ್ ಮಾತಾಡುವ ಮನೆಗಳ 6ರಿಂದ 8 ತಿಂಗಳ ಶಿಶುಗಳು ಹಿಂದಿಯ ‘ತ’ ಮತ್ತು ‘ಟ’ಗಳನ್ನು ಬೇರೆಬೇರೆಯಾಗಿ ಗುರುತಿಸಿದವು, 10ರಿಂದ 12 ತಿಂಗಳಾಗುವಷ್ಟರಲ್ಲಿ ಆ ಶಕ್ತಿ ಬಹುತೇಕ ಇಳಿದುಹೋಗಿತ್ತು. ಮನೆಮಾತಿಗೆ ಬೇಡದ ಭೇದವನ್ನು ಕಿವಿ ಮೊದಲ ವರ್ಷದಲ್ಲೇ ಕೈಬಿಡುತ್ತದೆ. ಜಪಾನೀಯರಿಗೆ ಇಂಗ್ಲಿಷಿನ ‘ರ’ ಮತ್ತು ‘ಲ’ಗಳು ಒಂದೇ ಎನ್ನಿಸುವುದಕ್ಕೂ, ‘ಪ’ ಇಲ್ಲದ ಅರಬ್ಬಿ ಮನೆಮಾತಿನವರು ಅದರ ಜಾಗದಲ್ಲಿ ‘ಬ’ ನುಡಿಯುವುದಕ್ಕೂ ಇದೇ ಕಾರಣ.

ಇಂಗ್ಲಿಷಿನ ‘ಟಿ’ ನಮ್ಮ ‘ತ’ವೂ ಅಲ್ಲ, ‘ಟ’ವೂ ಅಲ್ಲ, ನಾಲಗೆಯ ತುದಿ ಹಲ್ಲಿನ ಮೇಲಿನ ಒಸಡಿನ ದಿಂಡಿಗೆ ತಾಗಿ ಹುಟ್ಟುವ ಧ್ವನಿ ಅದು. ಭಾರತದ ಹೆಚ್ಚಿನ ಭಾಷೆಗಳಲ್ಲಿ ಆ ಜಾಗ ಖಾಲಿ ಇರುವುದರಿಂದ ನಾವು ಅದನ್ನು ‘ಟ’ಕ್ಕೆ ತಳ್ಳಿದ್ದೇವೆ. ‘ತ’ದ ಜಾಗವನ್ನು ‘ಥಿಂಕ್’, ‘ದಿಸ್’ ಎಂಬ ಪದಗಳ ಆರಂಭದ ಧ್ವನಿಗಳಿಗೆ ಕೊಟ್ಟಿದ್ದೇವೆ. ಆ ಧ್ವನಿಗಳಲ್ಲಿ ನಾಲಗೆ ಹಲ್ಲಿಗೆ ಒತ್ತಿ ಬಿಡುವುದಿಲ್ಲ. ಸಂದಿಯಿಂದ ಗಾಳಿ ಉಜ್ಜಿಕೊಂಡು ಹೋಗುತ್ತದೆ. ಫ್ರೆಂಚರು ಮತ್ತು ಜರ್ಮನರು ಅದರ ಬದಲು ‘ಸಿಂಕ್’ ಎನ್ನುವುದುಂಟು. ಲಂಡನ್ನಿನಲ್ಲಿ ಹುಟ್ಟಿ ಬೆಳೆದ ಅನೇಕರು ‘ಫಿಂಕ್’ ಎನ್ನುತ್ತಾರೆ, ಅವರನ್ನು ಯಾರೂ ಉಚ್ಚಾರಣೆಯ ತರಗತಿಗೆ ಕಳುಹಿಸುವುದಿಲ್ಲ.

‘ಓನ್ಲಿ’ಗೆ ‘ವೋನ್ಲಿ’, ‘ಎಲ್’ಗೆ ‘ಯೆಲ್’ ಎನ್ನುವುದು, ‘ಬಸ್’ಗೆ ‘ಬಸ್ಸು’ ಎನ್ನುವುದು ತಪ್ಪೇ?

ಇವು ಕನ್ನಡದ ಉಚ್ಚಾರ ನಿಯಮಗಳು ಇಂಗ್ಲಿಷಿನ ಮೇಲೆ ಬಿಟ್ಟ ಗುರುತುಗಳು. ಪದದ ಆರಂಭದ ‘ಎ’ಕಾರಕ್ಕೆ ‘ಯ’ವನ್ನೂ ‘ಒ’ಕಾರಕ್ಕೆ ‘ವ’ವನ್ನೂ ಹಚ್ಚುವುದು ನಮ್ಮ ಬಾಯಿಯ ಅಭ್ಯಾಸ, ‘ಎಲೆ’ಯನ್ನು ‘ಯೆಲೆ’ ಎನ್ನುವವರು ‘ಎಲ್’ ಅನ್ನು ‘ಯೆಲ್’ ಎನ್ನುತ್ತಾರೆ. ವ್ಯಂಜನದಲ್ಲಿ ಮುಗಿಯುವ ಪದ ನಮಗೆ ಒಗ್ಗುವುದಿಲ್ಲವಾದ್ದರಿಂದ ಕೊನೆಗೆ ‘ಉ’ ಬರುತ್ತದೆ. ಸ್ಪ್ಯಾನಿಷ್ ಮನೆಮಾತಿನವರು ‘ಸ್ಕೂಲ್’ ಪದದ ಮೊದಲಿಗೆ ಒಂದು ‘ಎ’ ಹಾಕುತ್ತಾರೆ, ಹಿಂದಿಯ ಹಲವರು ‘ಇ’ ಹಾಕುತ್ತಾರೆ, ಜಪಾನೀಯರು ‘ಸ್ಟ್ರೈಕ್’ ಅನ್ನು ‘ಸುತೊರೈಕು’ ಮಾಡುತ್ತಾರೆ. ಕನ್ನಡ ವಾಕ್ಯದೊಳಗೆ ‘ಬಸ್ಸು’ ಎಂಬುದು ಕನ್ನಡ ಪದವೇ. ಅಲ್ಲಿ ‘ಬಸ್’ ಎಂದು ತಿದ್ದುವ ಅಗತ್ಯವಿಲ್ಲ. ಇಂಗ್ಲಿಷ್ ವಾಕ್ಯದೊಳಗೆ ಮಾತ್ರ ‘ಉ’ವನ್ನು ಬಿಡುವುದು ಒಳ್ಳೆಯದು.

‘ವಿ’ ಮತ್ತು ‘ಡಬಲ್ಯು’ಗಳ ಭೇದಕ್ಕೆ ಸ್ವಲ್ಪ ಶ್ರಮ ಹಾಕಬಹುದು. ಮೊದಲನೆಯದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಎರಡನೆಯದಕ್ಕೆ ಹಲ್ಲು ತಾಗಬಾರದು, ತುಟಿ ದುಂಡಗಾಗಬೇಕು. ನಮ್ಮ ‘ವ’ ಇವೆರಡರ ನಡುವೆ ಎಲ್ಲೋ ಇದೆ.

ಇಂಗ್ಲೆಂಡಿನವರು ‘ರ’ವನ್ನು ನುಂಗುತ್ತಾರೆ. ಅದೇ ಶುದ್ಧ ಉಚ್ಚಾರಣೆಯೇ?

ಇಂಗ್ಲೆಂಡಿನ ಬಹುಭಾಗ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಸ್ವರದ ಮುಂದೆ ಇಲ್ಲದ ‘ರ’ ಬಿದ್ದುಹೋಗುತ್ತದೆ; ‘ಕಾರ್’ ಎಂಬುದು ‘ಕಾ’ ಆಗುತ್ತದೆ. ಸ್ಕಾಟ್ಲೆಂಡ್, ಐರ್ಲೆಂಡ್, ಕೆನಡಾ ಮತ್ತು ಅಮೆರಿಕದ ಬಹುಭಾಗದಲ್ಲಿ ಅದು ಉಳಿದಿದೆ. ಹಳೆಯ ರೂಪ ಯಾವುದು ಎಂದು ಕೇಳಿದರೆ ‘ರ’ ಉಳಿಸಿಕೊಂಡದ್ದೇ ಹಳೆಯದು. ನುಂಗುವವರು ಇಲ್ಲದ ಕಡೆ ಅದನ್ನು ಸೇರಿಸುವುದೂ ಉಂಟು: ‘ಲಾ ಆ್ಯಂಡ್ ಆರ್ಡರ್’ ಎಂಬುದು ಅವರ ಬಾಯಲ್ಲಿ ‘ಲಾರ್ ಅಂಡ್ ಆರ್ಡ’ ಎಂದಾಗುತ್ತದೆ.

ಇದರಲ್ಲಿ ಶುದ್ಧಿಗಿಂತ ಪ್ರತಿಷ್ಠೆಯ ಪಾತ್ರ ದೊಡ್ಡದು. ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಲೇಬೋವ್ 1962ರಲ್ಲಿ ನ್ಯೂಯಾರ್ಕಿನಲ್ಲಿ ಮೂರು ದರ್ಜೆಯ ದೊಡ್ಡ ಮಳಿಗೆಗಳಿಗೆ ಹೋಗಿ, ನಾಲ್ಕನೆಯ ಮಹಡಿಯಲ್ಲಿ ಸಿಗುವ ಸಾಮಾನು ಎಲ್ಲಿದೆ ಎಂದು ನೌಕರರನ್ನು ಕೇಳಿದರು. ‘ಫೋರ್ತ್ ಫ್ಲೋರ್’ ಎಂಬ ಉತ್ತರದಲ್ಲಿ ಎರಡು ‘ರ’ಕಾರಗಳಿವೆ. ಕೇಳಿಸಲಿಲ್ಲವೆಂಬಂತೆ ನಟಿಸಿ ಅವರು ಇನ್ನೊಮ್ಮೆ ಹೇಳಿಸಿದರು. ದುಬಾರಿ ಮಳಿಗೆಯ ನೌಕರರಲ್ಲಿ ‘ರ’ ಹೆಚ್ಚಾಗಿ ಕೇಳಿಸಿತು. ಎರಡನೆಯ ಸಲ ಎಚ್ಚರದಿಂದ ಹೇಳುವಾಗ ಇನ್ನೂ ಹೆಚ್ಚಾಯಿತು. ಲಂಡನ್ನಿನಲ್ಲಿ ‘ರ’ ಬಿಡುವುದು ಮರ್ಯಾದೆ, ನ್ಯೂಯಾರ್ಕಿನಲ್ಲಿ ಇಟ್ಟುಕೊಳ್ಳುವುದು ಮರ್ಯಾದೆ.

ಬ್ರಿಟಿಷ್ ರೂಪ ಸರಿಯೋ ಅಮೆರಿಕನ್ ರೂಪ ಸರಿಯೋ?

ಎರಡೂ ಸರಿ. ‘ಶೆಡ್ಯೂಲ್’ ಮತ್ತು ‘ಸ್ಕೆಜೂಲ್’, ‘ಜೆಡ್’ ಮತ್ತು ‘ಜೀ’ ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಅಮೆರಿಕದ ‘ಅಲೂಮಿನಮ್’ ಎಂಬ ರೂಪವನ್ನು ಅಪಭ್ರಂಶವೆಂದು ನಗುವವರು, ಅದನ್ನು 1812ರಲ್ಲಿ ಬಳಸಿದವರು ಬ್ರಿಟಿಷ್ ವಿಜ್ಞಾನಿ ಹಂಫ್ರಿ ಡೇವಿ ಎಂಬುದನ್ನು ಗಮನಿಸಬೇಕು.

ಮನೆಮಾತಿನವರು ಇಂಗ್ಲಿಷಿನಲ್ಲಿ ತಪ್ಪು ಮಾಡುವುದಿಲ್ಲವೇ?

ಧಾರಾಳವಾಗಿ ಮಾಡುತ್ತಾರೆ, ಆದರೆ ಅವರ ತಪ್ಪುಗಳ ಜಾತಿ ಬೇರೆ. ಕಿವಿಯಿಂದ ಕಲಿತವರು ಬರಹದಲ್ಲಿ ಎಡವುತ್ತಾರೆ, ಪುಸ್ತಕದಿಂದ ಕಲಿತವರು ಮಾತಿನಲ್ಲಿ ಎಡವುತ್ತಾರೆ. ‘ಕುಡ್ ಹ್ಯಾವ್’ ಎಂಬುದು ಮಾತಿನಲ್ಲಿ ‘ಕುಡವ್’ ಎಂದು ಕುಗ್ಗುವುದರಿಂದ ಅದನ್ನು ‘ಕುಡ್ ಆಫ್’ ಎಂದು ಬರೆಯುವವರು ಹೆಚ್ಚಾಗಿ ಮನೆಮಾತಿನವರೇ; ವ್ಯಾಕರಣ ಓದಿ ಕಲಿತವರಿಗೆ ಆ ತಪ್ಪು ಹೊಳೆಯುವುದೂ ಇಲ್ಲ. ‘ಉಚ್ಚಾರಣೆ’ ಎಂಬರ್ಥದ ‘ಪ್ರನನ್ಸಿಯೇಶನ್’ ಪದವನ್ನೇ ‘ಪ್ರನೌನ್ಸಿಯೇಶನ್’ ಎಂದು ತಪ್ಪಾಗಿ ಉಚ್ಚರಿಸುವವರು ಎರಡೂ ಗುಂಪಿನಲ್ಲಿದ್ದಾರೆ.

ತಪ್ಪೆಂದು ತೋರುವ ಎಲ್ಲವೂ ತಪ್ಪಲ್ಲ. ‘ಆಸ್ಕ್’ ಎಂಬುದನ್ನು ‘ಆ್ಯಕ್ಸ್’ ಎನ್ನುವುದನ್ನು ಅಶಿಕ್ಷಿತರ ಮಾತೆಂದು ಹೀಗಳೆಯುವುದುಂಟು. ಹಳೆಯ ಇಂಗ್ಲಿಷಿನಲ್ಲಿ ಎರಡೂ ರೂಪಗಳಿದ್ದವು. 14ನೆಯ ಶತಮಾನದ ಕವಿ ಚಾಸರ್ ‘ಆ್ಯಕ್ಸ್’ ರೂಪವನ್ನು ಬಳಸಿದ್ದಾನೆ. ಇಂದು ಶಿಷ್ಟವಾಗಿರುವ ‘ಬರ್ಡ್’ ಪದವೇ ‘ಬ್ರಿಡ್’ ಎಂಬುದರ ‘ರ’ಕಾರವೂ ಸ್ವರವೂ ಅದಲುಬದಲಾಗಿ ಹುಟ್ಟಿದ್ದು.

ಒಬ್ಬ ವ್ಯಕ್ತಿಗೆ ‘ದೇ’ ಎನ್ನುವುದು ವ್ಯಾಕರಣಬದ್ಧವೇ?

ಹೌದು. ಗಂಡೋ ಹೆಣ್ಣೋ ತಿಳಿಯದ ಒಬ್ಬರನ್ನು ‘ದೇ’ ಎನ್ನುವುದು 14ನೆಯ ಶತಮಾನದಿಂದ ಬಳಕೆಯಲ್ಲಿದೆ. ‘ಯೂ’ ಕೂಡ ಮೂಲದಲ್ಲಿ ಬಹುವಚನವೇ. ‘ಬಾಗಿಲಲ್ಲಿ ಯಾರೋ ಇದ್ದಾರೆ, ಅವರನ್ನು ಒಳಗೆ ಕರೆ’ ಎನ್ನುವ ಕನ್ನಡಿಗರಿಗೆ ಇದರಲ್ಲಿ ವಿಚಿತ್ರವೇನೂ ಕಾಣಬಾರದು. ವಾಕ್ಯವನ್ನು ‘ಪ್ರಿಪೊಸಿಶನ್’ನಲ್ಲಿ ಮುಗಿಸಬಾರದು ಎಂಬ ನಿಯಮವೂ ಇದೇ ಬಗೆಯ ಹುಸಿ ನಿಯಮ. ಅದರ ಬಗ್ಗೆ 1672ರಲ್ಲಿ ಆಕ್ಷೇಪವೆತ್ತಿದವರು ಕವಿ ಜಾನ್ ಡ್ರೈಡನ್. ಅವರಿಗೆ ಮೊದಲೂ ಆಮೇಲೂ ಇಂಗ್ಲಿಷ್ ಬರಹಗಾರರು ಹಾಗೆ ಮುಗಿಸುತ್ತಲೇ ಬಂದಿದ್ದಾರೆ.

‘ನೀವು ಬರುವುದಿಲ್ಲವೇ?’ ಎಂದು ಇಂಗ್ಲಿಷಿನಲ್ಲಿ ಕೇಳಿದರೆ ‘ಯೆಸ್’ ಎನ್ನಬೇಕೋ ‘ನೋ’ ಎನ್ನಬೇಕೋ?

ಬರುವುದಿಲ್ಲವಾದರೆ ‘ನೋ’. ಕನ್ನಡದಲ್ಲಿ ‘ಹೌದು, ಬರುವುದಿಲ್ಲ’ ಎಂದು ಕೇಳಿದವರ ಊಹೆಯನ್ನು ಒಪ್ಪಿಕೊಳ್ಳುತ್ತೇವೆ. ಜಪಾನೀಯರೂ ಹಾಗೆಯೇ ಮಾಡುತ್ತಾರೆ. ಇಂಗ್ಲಿಷಿನವರು ಊಹೆಯನ್ನು ಬದಿಗಿಟ್ಟು ಸಂಗತಿಯನ್ನಷ್ಟೇ ನೋಡುತ್ತಾರೆ: ಬರುವುದಾದರೆ ‘ಯೆಸ್’, ಇಲ್ಲವಾದರೆ ‘ನೋ’. ಬರಿಯ ‘ಯೆಸ್’ ಎಂದು ನಿಲ್ಲಿಸಿದರೆ ಅರ್ಥ ಪೂರ್ತಿ ತಿರುಗುಮುರುಗಾಗುತ್ತದೆ. ಒಂದೇ ಪದದಲ್ಲಿ ಉತ್ತರಿಸದೆ ‘ನೋ, ಐ ಆ್ಯಮ್ ನಾಟ್ ಕಮಿಂಗ್’ ಎಂದು ಪೂರ್ಣ ವಾಕ್ಯ ಹೇಳುವುದು ಕ್ಷೇಮ.

ವಾಕ್ಯದ ಕೊನೆಯ ‘ಇಸಿಂಟ್ ಇಟ್’ ಕೂಡ ಇಂಥದ್ದೇ. ನಮ್ಮ ‘ಅಲ್ಲವೇ’ ಯಾವ ವಾಕ್ಯಕ್ಕೂ ಹೊಂದುತ್ತದೆ. ಫ್ರೆಂಚಿನಲ್ಲೂ ಜರ್ಮನ್ನಿನಲ್ಲೂ ಹೀಗೆ ಒಂದೇ ರೂಪ ಸಾಕು. ಇಂಗ್ಲಿಷ್ ಮಾತ್ರ ಕರ್ತೃ, ಕಾಲಗಳಿಗೆ ತಕ್ಕಂತೆ ಪ್ರತಿ ಸಲವೂ ಹೊಸ ಬಾಲ ಕೇಳುತ್ತದೆ.

‘ಪ್ರಿಪೋನ್’, ‘ಡಿಸ್ಕಸ್ ಅಬೌಟ್’, ‘ಇನ್ಫರ್ಮೇಶನ್ಸ್’ ಇವುಗಳನ್ನು ಬಳಸಬಹುದೇ?

ಮೂರಕ್ಕೂ ಒಂದೇ ಉತ್ತರವಿಲ್ಲ. ‘ಪೋಸ್ಟ್‌ಪೋನ್’ಗೆ ಎದುರಾಗಿ ಭಾರತದಲ್ಲಿ ಚಲಾವಣೆಗೆ ಬಂದ ‘ಪ್ರಿಪೋನ್’ ಅಂದವಾದ, ಅಗತ್ಯವಾದ ಪದ. ಆಕ್ಸ್‌ಫರ್ಡ್ ನಿಘಂಟಿನಲ್ಲೂ ಅದಕ್ಕೆ ಜಾಗ ಸಿಕ್ಕಿದೆ. ಆದರೆ ಭಾರತದ ಹೊರಗೆ ಹಲವರಿಗೆ ಅದು ತಿಳಿಯದು. ‘ಡಿಸ್ಕಸ್ ಅಬೌಟ್’ ಎಂಬುದರ ಹಿಂದೆ ‘ಇದರ ಬಗ್ಗೆ ಚರ್ಚಿಸೋಣ’ ಎಂಬ ಕನ್ನಡವೂ ಇದೆ, ‘ಟಾಕ್ ಅಬೌಟ್’ ಎಂಬ ಇಂಗ್ಲಿಷೂ ಇದೆ; ಅರ್ಥಕ್ಕೆ ಹಾನಿಯಿಲ್ಲ, ಆದರೂ ಬರಹದಲ್ಲಿ ‘ಅಬೌಟ್’ ಬಿಡುವುದು ಲೇಸು. ‘ಇನ್ಫರ್ಮೇಶನ್ಸ್’ ಎನ್ನುವವರಲ್ಲಿ ಫ್ರೆಂಚರೂ ಜರ್ಮನರೂ ಇದ್ದಾರೆ, ಏಕೆಂದರೆ ಅವರ ಭಾಷೆಗಳಲ್ಲಿ ಅದಕ್ಕೆ ಸಹಜವಾಗಿ ಬಹುವಚನವಿದೆ. ಇಂಗ್ಲಿಷಿನಲ್ಲಿ ಮಾಹಿತಿ, ಸಲಹೆ, ಪೀಠೋಪಕರಣ ಇವೆಲ್ಲ ನೀರಿನಂತೆ ಎಣಿಸಲಾಗದ ವಸ್ತುಗಳು. ಇದಕ್ಕೆ ತರ್ಕ ಹುಡುಕುವುದು ವ್ಯರ್ಥ.

ಮನೆಮಾತಿನವರಂತೆಯೇ ಮಾತಾಡಲು ಪ್ರಯತ್ನಿಸಬೇಕೇ?

ಯಾವ ಮನೆಯವರಂತೆ ಎಂಬ ಪ್ರಶ್ನೆ ಮೊದಲು ಏಳುತ್ತದೆ. ಡೇನಿಯಲ್ ಜೋನ್ಸ್ 1917ರಲ್ಲಿ ಪ್ರಕಟಿಸಿದ ಉಚ್ಚಾರಣಾ ನಿಘಂಟು ದಾಖಲಿಸಿದ ಶಿಷ್ಟ ಉಚ್ಚಾರಣೆಯನ್ನು ಬ್ರಿಟನ್ನಿನಲ್ಲೇ ಸಣ್ಣ ಅಲ್ಪಸಂಖ್ಯಾತ ವರ್ಗ ಮಾತ್ರ ಆಡುತ್ತದೆ. ಇಂದು ಇಂಗ್ಲಿಷನ್ನು ಕಲಿತು ಆಡುವವರ ಸಂಖ್ಯೆ ಹುಟ್ಟಿನಿಂದ ಆಡುವವರ ಸಂಖ್ಯೆಯನ್ನು ಎಂದೋ ಮೀರಿದೆ. ಬೇರೆಬೇರೆ ಮನೆಮಾತಿನವರು ಪರಸ್ಪರ ಇಂಗ್ಲಿಷಿನಲ್ಲಿ ಮಾತಾಡುವಾಗ ಎಲ್ಲಿ ಅರ್ಥ ಕೆಡುತ್ತದೆ ಎಂಬುದನ್ನು ಪರಿಶೀಲಿಸಿದ ಜೆನಿಫರ್ ಜೆಂಕಿನ್ಸ್, ‘ಥಿಂಕ್’ನ ಆರಂಭದ ಧ್ವನಿ ಕಲಿಯದಿದ್ದರೂ ನಡೆಯುತ್ತದೆ ಎಂದು 2000ದಲ್ಲಿ ವಾದಿಸಿದರು. ಸ್ವರಗಳ ಹ್ರಸ್ವದೀರ್ಘ, ‘ಪ’ ‘ಟ’ ‘ಕ’ಗಳ ಉಸಿರು, ಪದದ ಆರಂಭದ ಒತ್ತಕ್ಷರಗಳು, ವಾಕ್ಯದಲ್ಲಿ ಮುಖ್ಯ ಪದದ ಮೇಲಿನ ಒತ್ತು ಇವು ಕೆಟ್ಟರೆ ಮಾತು ನಿಲ್ಲುತ್ತದೆ ಎಂಬುದು ಅವರ ಪಟ್ಟಿ. ಹ್ರಸ್ವದೀರ್ಘ ಕನ್ನಡಿಗರಿಗೆ ಹುಟ್ಟಿನಿಂದಲೇ ಬಂದಿದೆ.

ಪದದೊಳಗಿನ ಒತ್ತು ಕಲಿಸಲು ತೀರ ಕಠಿಣವೆಂದು ಅವರು ಅದನ್ನು ಪಟ್ಟಿಯಿಂದ ಬಿಟ್ಟರು. ಈ ಒಂದು ವಿಷಯದಲ್ಲಿ ನನಗೆ ಅವರ ಮಾತು ಒಪ್ಪಿಗೆಯಿಲ್ಲ. ನಿಘಂಟಿನಲ್ಲಿ ಉಚ್ಚಾರಣೆಯ ಲಿಪಿಯೊಳಗೆ, ಒತ್ತು ಬೀಳುವ ಭಾಗದ ಮುಂಚೆ, ಮೇಲ್ಗಡೆ ಒಂದು ಸಣ್ಣ ನೆಟ್ಟಗಿನ ಗೆರೆ ಇರುತ್ತದೆ. ಹೊಸ ಪದವನ್ನು ನೋಡುವಾಗ ಅರ್ಥಕ್ಕೆ ಮೊದಲು ಆ ಗೆರೆ ಎಲ್ಲಿದೆ ಎಂದು ನೋಡಿ, ಆ ಭಾಗವನ್ನು ಎತ್ತಿ, ಉಳಿದದ್ದನ್ನು ಕುಗ್ಗಿಸಿ ಎರಡು ಸಲ ಬಾಯಿಬಿಟ್ಟು ಹೇಳಿಕೊಳ್ಳಬೇಕು.